ಹಳ್ಳದ ದಂಡೆಯ ಮರ

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಪಲ್ಪರ್ ಸದ್ದು. ಕಾಫಿ ಹಣ್ಣಿನ ಸಿಪ್ಪೆ, ಲೋಳೆ ತೊಳೆದ ನೀರು ಬೇಗ ಹುಳಿಯಾಗುತ್ತದೆ. ಹಾಗೇ ಹಳ್ಳಕ್ಕೆ ಬಿಟ್ಟರೆ ಅಲ್ಲಿನ ಆಮ್ಲಜನಕ ಕುಗ್ಗಿ ಮೀನು ಸಾಯುತ್ತವೆ. ಈ ಹಳ್ಳಗಳಲ್ಲಿ ಹಲವು ಮುಂದೆ ಭದ್ರೆಯನ್ನೋ ಹೇಮಾವತಿಯನ್ನೋ ಸೇರುತ್ತವೆ. ಕೆಳಗಿನ ಊರುಗಳ ಕೊಡ ತುಂಬುವುದು ಅದೇ ನೀರು.

ದಂಡೆಯಲ್ಲಿ ಮರ ನೆಟ್ಟರೆ ಸಾಲದೇ ಎಂದು ಮಕ್ಕಳು ಕೇಳಬಹುದು. ಪ್ರಶ್ನೆ ಒಳ್ಳೆಯದೇ. ಕಾರ್ಖಾನೆಗಳಲ್ಲಿ ಲೋಹದ ಜಿಡ್ಡು ತೆಗೆಯಲು ಬಳಸುವ ಟ್ರೈಕ್ಲೋರೋಎಥಿಲೀನ್ ಎಂಬ ರಾಸಾಯನಿಕವನ್ನು ಪಾಪ್ಲರ್ ಗಿಡಗಳು ಬೇರಿನಿಂದ ಹೀರಿ ತಮ್ಮೊಳಗೇ ಒಡೆಯುತ್ತವೆಂದು 1997ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ಬೇರಿನ ಸುತ್ತಲ ಸೂಕ್ಷ್ಮಜೀವಿಗಳೂ ಇಂಥ ಕೆಲಸಕ್ಕೆ ನೆರವಾಗುತ್ತವೆ.

ಆದರೆ ಮಳೆಗಾಲಕ್ಕೆ ಮುನ್ನ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವುದು ತಾಮ್ರ. ಅದು ಮೂಲಧಾತು. ಮರ ಅದನ್ನು ಹಿಡಿದಿಟ್ಟುಕೊಳ್ಳಬಹುದೇ ಹೊರತು ಒಡೆಯಲಾರದು. ಎಲೆಗೇರಿದ ತಾಮ್ರ ಎಲೆ ಉದುರಿದಾಗ ಮಣ್ಣಿಗೇ ಮರಳುತ್ತದೆ. ಪಲ್ಪರ್ ನೀರಾದರೋ ಎರಡು ಮೂರು ತಿಂಗಳಲ್ಲಿ ಒಮ್ಮೆಗೇ ಬರುವಂಥದು. ಅದಕ್ಕೆ ಹೊಂಡ ಬೇಕು, ಹುಳಿ ಮುರಿಯಲು ಸುಣ್ಣ ಬೇಕು.

ಹೊಂಡ ದಾಟಿ ಜಿನುಗಿದ್ದನ್ನು ಸೋಸಲು ಮರ ಇದ್ದೇ ಇದೆ. ಔಷಧಿ ಹೊಡೆದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯದಿರುವುದು ಮಾತ್ರ ಮನೆಯವರ ಕೆಲಸ. ಅದನ್ನು ಯಾವ ಮರವೂ ಮಾಡಿಕೊಡದು.