ಚೀಟಿಯ ಹಿಂಬದಿ

ನನ್ನ ಮೇಜಿನ ಡ್ರಾಯರಿನಲ್ಲಿ ಮಡಿಸಿಟ್ಟ ಚೀಟಿಯೊಂದಿದೆ. ಅದರ ಮುಂಬದಿಯಲ್ಲಿರುವುದು ನನ್ನ ಕೈಬರಹ. ವೈದ್ಯರ ಬರಹವಾದುದರಿಂದ ಓದಲು ಬಾರದು. ಹಿಂಬದಿಯಲ್ಲಿರುವುದು ದರ್ಜಿಯೊಬ್ಬರ ಬರಹ, ದುಂಡಗೆ, ಸ್ಪಷ್ಟವಾಗಿದೆ.

ಆಗ ನಾನು ಹಗಲು ಕಾಲೇಜಿನಲ್ಲಿ ಪಾಠ ಹೇಳಿ, ಸಂಜೆ ಯಡಿಯೂರು ಕೆರೆಯ ಸಮೀಪದ ನಮ್ಮ ಮನೆಯ ಮುಂಗೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದೆ. 2008ರ ಒಂದು ಸಂಜೆ ಆ ದರ್ಜಿ ಸೊಂಟ ಹಿಡಿದುಕೊಂಡು ಬಂದರು. ನಾಲ್ಕು ದಿನದ ನೋವು. ಜ್ವರವಿಲ್ಲ, ಬಿದ್ದದ್ದಿಲ್ಲ, ಕಾಲು ಸೋತಿಲ್ಲ, ಮೂತ್ರದ ತೊಂದರೆಯಿಲ್ಲ. ಇಂಥ ನೋವು ಬಹುಪಾಲು ಜನರಿಗೆ ಕೆಲವೇ ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆಂದು ನಾನು ಅಂದು ಬೆಳಗ್ಗೆಯಷ್ಟೇ ಪಾಠ ಹೇಳಿ ಬಂದಿದ್ದೆ! ಆದರೂ ಎಂಆರ್‌ಐ ಸ್ಕ್ಯಾನಿಗೂ ರಕ್ತಪರೀಕ್ಷೆಗಳಿಗೂ ಬರೆದುಕೊಟ್ಟೆ. ಹೊರಗೆ ಹತ್ತು ಮಂದಿ ಕಾದಿದ್ದರು. ಬಿಡಿಸಿ ಹೇಳುವುದಕ್ಕೆ ಹತ್ತು ನಿಮಿಷ ಬೇಕು. ಬರೆಯುವುದಕ್ಕೆ ಅರ್ಧ ನಿಮಿಷ ಸಾಕು.

ವಾರದ ಮೇಲೆ ಅವರು ವರದಿಯೊಡನೆ ಬರುವ ಹೊತ್ತಿಗೆ ನೋವು ಅರ್ಧ ಇಳಿದಿತ್ತು. ಬೆನ್ನೆಲುಬಿನ ನಡುವಣ ಬಿಲ್ಲೆಗಳಲ್ಲಿ ಸವೆತವಿದೆಯೆಂದು ವರದಿ ಹೇಳಿತು. ಇರದೆ ಏನು? ನೋವೇ ಇಲ್ಲದ ಐವತ್ತು ವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೂ ನೂರರಲ್ಲಿ ಸುಮಾರು 80 ಮಂದಿಯಲ್ಲಿ ಅದು ಕಾಣುತ್ತದೆಂದು 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತೋರಿಸಿತು. ಆದರೆ ಆ ಒಂದು ಮಾತು ಅವರನ್ನು ಹಿಡಿದುಬಿಟ್ಟಿತು. “ಇನ್ನು ಮಿಷನ್ ಮುಂದೆ ಕೂರಬಹುದೇನಮ್ಮಾ?” ಎಂದು ಮೂರು ಸಲ ಕೇಳಿದರು. ಮೊದಲು ಕೊಟ್ಟ ಮಾತ್ರೆಯನ್ನೇ ಮತ್ತೆ ಬರೆದೆ. ಹೋಗುವಾಗ ಹಳೆಯ ಚೀಟಿಯನ್ನು ಮೇಜಿನ ಮೇಲೆ ಮರೆತರು. ಹಿಂದೆ ಹೀಗಿತ್ತು: ಸ್ಕ್ಯಾನ್ 5,500, ರಕ್ತ 640, ಆಟೋ 180, ಕಾಫಿ, ತಿಂಡಿ 60, ಒಟ್ಟು 6,380. ಅದರ ಕೆಳಗೆ, ‘ಇವಳ ಬಳೆ ಒತ್ತೆ.’

ಅಂದಿನಿಂದ ಈ ಚೀಟಿ ನನ್ನ ಪಾಠದ ಪುಸ್ತಕವಾಯಿತು. ವಿದ್ಯಾರ್ಥಿಗಳು ಯಾವ ಪರೀಕ್ಷೆ ಬರೆದರೂ ಪಕ್ಕದಲ್ಲಿ ಎರಡು ಮಾತು ಬರೆಯಬೇಕು: ಉತ್ತರ ಹೌದೆಂದು ಬಂದರೆ ಏನು ಮಾಡುವೆ, ಇಲ್ಲವೆಂದು ಬಂದರೆ ಏನು ಮಾಡುವೆ? ಎರಡೂ ಒಂದೇ ಆಗಿದ್ದರೆ ಆ ಪರೀಕ್ಷೆ ಯಾರಿಗಾಗಿ? ಬೆಲೆಯನ್ನೂ ಬರೆಯಬೇಕು. ಮೊದಮೊದಲು ಒಬ್ಬರಿಗೂ ಬೆಲೆ ಗೊತ್ತಿರಲಿಲ್ಲ; ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. 2012ರಲ್ಲಿ ಅಮೆರಿಕದ ವೈದ್ಯ ಸಂಘಗಳು ಅನಗತ್ಯ ಪರೀಕ್ಷೆಗಳ ಪಟ್ಟಿಗಳನ್ನು ಪ್ರಕಟಿಸತೊಡಗಿದಾಗ, ಅಪಾಯದ ಲಕ್ಷಣವಿಲ್ಲದ ಸೊಂಟನೋವಿಗೆ ಮೊದಲ 6 ವಾರ ಸ್ಕ್ಯಾನ್ ಬೇಡವೆಂಬುದು ಅವುಗಳಲ್ಲಿತ್ತು. ಓದಿ ನನ್ನ ಕಿವಿ ಬಿಸಿಯಾಯಿತು. ನಮ್ಮಲ್ಲಿಯೂ 2019ರ ಹೊಸ ಪಠ್ಯಕ್ರಮ ನಡೆ, ನೀತಿ, ಮಾತುಕತೆಗಳಿಗೆಂದು ಪ್ರತ್ಯೇಕ ಪಾಠವನ್ನಿರಿಸಿತು.

ಹುಡುಗರು ಸುಮ್ಮನೆ ಒಪ್ಪುವವರಲ್ಲ. “ಒಂದು ರೋಗ ನಮ್ಮ ಕಣ್ಣು ತಪ್ಪಿಸಿಕೊಂಡರೆ ನಮ್ಮನ್ನು ಕಾಯುವವರು ಯಾರು, ಮೇಡಂ?” ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಕಾಲು ಸೋತಿದ್ದರೆ, ಮೂತ್ರ ಕಟ್ಟಿದ್ದರೆ ಸಾಲ ಮಾಡಿಸಿಯಾದರೂ ಅಂದೇ ಸ್ಕ್ಯಾನ್ ಮಾಡಿಸು ಎಂದೆ. ಅದನ್ನು ಕಂಡುಹಿಡಿಯಬೇಕಾದರೆ ರೋಗಿಯನ್ನು ಮುಟ್ಟಿ ನೋಡಬೇಕು, ನಡೆಸಿ ನೋಡಬೇಕು. ಅವನಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ರೋಗಿಗಳಾದ ನಾವೇನು ಕಡಿಮೆಯೆ? ಕೆರೆಯ ದಾರಿಯಲ್ಲಿ ನನ್ನೊಡನೆ ನಡೆಯುವ ನೆರೆಮನೆಯಾಕೆ, ಬರೀ ಮಾತಾಡಿಸಿ ಕಳುಹಿಸಿದರೆಂದು ತಮ್ಮ ವೈದ್ಯರನ್ನೇ ಬದಲಾಯಿಸಿದರು.

ಈ ವರ್ಷ ಚೀಟಿಯನ್ನು ತರಗತಿಯಲ್ಲಿ ಕೈಯಿಂದ ಕೈಗೆ ಕಳುಹಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಲೆಕ್ಕ ತಪ್ಪಿದೆ, ಮೇಡಂ” ಎಂದಳು. ನಾನು ಮತ್ತೊಮ್ಮೆ ಕೂಡಿ ನೋಡಿದೆ, 6,380, ಸರಿಯಾಗಿತ್ತು.

“ಕೂಡಿದ್ದರಲ್ಲಿ ಅಲ್ಲ, ಮೇಡಂ. ಸ್ಕ್ಯಾನಿಗೆ ಒಂದು ದಿನ, ವರದಿಗೆ ಒಂದು ದಿನ ಅಂಗಡಿ ಮುಚ್ಚಿರಬೇಕಲ್ಲ? ಆ ದಿನಗಳ ದುಡಿಮೆ ಇದರಲ್ಲಿಲ್ಲ.”

ಇಷ್ಟು ವರ್ಷ ಅದನ್ನೇ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ.