ಕೂಸಿನ ಮುಖ ನೋಡು, ತಂಗಿ

ಲಿಂಗಸುಗೂರು,
ಆಷಾಢದ ಕೊನೆಯ ವಾರ

ಪ್ರೀತಿಯ ತಂಗಿಗೆ,

ಮಸ್ಕಿಯಿಂದ ಅವ್ವ ಫೋನ್ ಮಾಡಿದ್ದಳು. ಕೂಸು ಕುಡಿದದ್ದನ್ನೆಲ್ಲ ಕಕ್ಕುತ್ತದೆ, ಎಷ್ಟು ದುಪಟಿ ಒಗೆದು ಹಾಕಿದರೂ ಕೋಣೆಯೆಲ್ಲ ಹುಳಿ ಹಾಲಿನ ವಾಸನೆ, ನೀನು ಅತ್ತೂ ಅತ್ತೂ ಸೋತಿದ್ದೀಯ ಎಂದಳು. ನಿಮ್ಮ ಅತ್ತೆಯವರು "ನಿನ್ನ ಹಾಲು ಕೂಸಿಗೆ ಅರಗವಲ್ದು, ಬಾಟ್ಲಿ ಹಚ್ಚು" ಅಂದದ್ದನ್ನೂ ಹೇಳಿದಳು. ಕಾಲುವೆಗೆ ನೀರು ಬಂದಿದೆ, ಸಿಂಧನೂರಿನ ಕಡೆ ಈಗ ನಾಟಿಯ ಹಂಗಾಮು, ನಿಮ್ಮ ಮನೆಯವರೆಲ್ಲ ನಸುಕಿನಲ್ಲೇ ಗದ್ದೆಗೆ ಹೋಗುತ್ತಾರೆ. ಮನೆಯಲ್ಲಿ ನೀನು, ಕೂಸು, ಇಬ್ಬರೇ. ಆ ಹೊತ್ತಿನಲ್ಲಿ ಮೂಗಿನಿಂದಲೂ ಹಾಲು ಬಂದರೆ ಎದೆ ಒಡೆದಂತಾಗುತ್ತದೆ, ಬಲ್ಲೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಮರೆಯುತ್ತೀ ಎಂದು ಬರೆಯುತ್ತಿದ್ದೇನೆ. ಮಕ್ಕಳ ವಾರ್ಡಿನಲ್ಲಿ ದಿನಾ ಇದನ್ನೇ ನೋಡುವ ನರ್ಸ್ ಬರೆದದ್ದು ಎಂದು ನಿಮ್ಮ ಮನೆಯವರಿಗೂ ಓದಿ ಹೇಳು.

ನಿನ್ನ ಹಾಲಿನಲ್ಲಿ ದೋಷವಿಲ್ಲ. ಇದನ್ನು ಮೊದಲು ಮನಸ್ಸಿಗೆ ತಂದುಕೋ. ಅನ್ನನಾಳ ಜಠರಕ್ಕೆ ಸೇರುವ ಜಾಗದಲ್ಲಿ ಒಂದು ಸುತ್ತು ಸ್ನಾಯು ಇರುತ್ತದೆ. ನಾವು ಉಂಡದ್ದು ಮೇಲೆ ಬಾರದಂತೆ ಬಿಗಿಹಿಡಿಯುವುದು ಅದೇ. ಹಸುಗೂಸಿನಲ್ಲಿ ಅದಿನ್ನೂ ಬಲಿತಿರುವುದಿಲ್ಲ, ಆಗಾಗ ತಾನಾಗಿ ಸಡಿಲುತ್ತದೆ. ನಿಮ್ಮೂರಿನ ಗಿರಣಿಯಲ್ಲಿ ಅಕ್ಕಿ ಚೀಲದ ಬಾಯಿಗೆ ದಾರ ಸಡಿಲ ಕಟ್ಟಿ ಅಡ್ಡ ಮಲಗಿಸಿದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಕೂಸಿನ ಊಟವೆಲ್ಲ ನೀರಿನಂತೆ ತೆಳುವು, ದಿನದ ಬಹುಪಾಲು ಮಲಗಿಯೇ ಇರುತ್ತದೆ, ಹೊಟ್ಟೆಯೂ ಚಿಕ್ಕದು. ಬರುವ ಹಾಲು ಮೊಸರಿನ ಗಡ್ಡೆಯ ಹಾಗಿದೆ ಎಂದು ಹೆದರಿದ್ದೀಯಂತೆ. ಜಠರದ ಆಮ್ಲ ತಾಗಿದ ಹಾಲು ಒಡೆಯುತ್ತದೆ, ಹುಳಿ ವಾಸನೆಯೂ ಅದರದೇ. ಹಾಲು ಹೊಟ್ಟೆಗೆ ಇಳಿದು ಅರಗಲು ಶುರುವಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೂಸುಗಳು ದಿನಕ್ಕೆ ಒಮ್ಮೆಯಾದರೂ ಹೀಗೆ ಕಕ್ಕುತ್ತವೆ. ನಾಲ್ಕನೇ ತಿಂಗಳ ಸುಮಾರಿಗೆ ಇದು ಅತಿ ಹೆಚ್ಚು. ಕೂತು ಆಡುವ ವಯಸ್ಸಿಗೆ ಇಳಿಯುತ್ತದೆ, ವರ್ಷ ತುಂಬುವ ಹೊತ್ತಿಗೆ 10ರಲ್ಲಿ 9ಕ್ಕೂ ಹೆಚ್ಚು ಮಕ್ಕಳಲ್ಲಿ ನಿಂತೇಹೋಗುತ್ತದೆ. ನಿನ್ನ ಕೂಸಿಗೆ ಈಗ ಮೂರು ತುಂಬಿದೆ. ಮುಂದಿನ ತಿಂಗಳು ಇನ್ನಷ್ಟು ಕಕ್ಕಿದರೂ ಗಾಬರಿಯಾಗಬೇಡ.

"ಕುಡಿದದ್ದೆಲ್ಲ ಹೊರಗೆ ಬಂತು" ಎಂದು ಎಲ್ಲ ತಾಯಂದಿರೂ ಹೇಳುತ್ತಾರೆ. ಒಂದು ಕೆಲಸ ಮಾಡು. ಒಣಗಿದ ದುಪಟಿಯ ಮೇಲೆ ಎರಡು ಚಹಾ ಚಮಚ ಹಾಲು, ಅಂದರೆ ಬರೀ 10 ಮಿಲಿ, ಸುರಿದು ನೋಡು. ಅದು ನಿನ್ನ ಅಂಗೈಗಿಂತ ಅಗಲಕ್ಕೆ ಹರಡುತ್ತದೆ. ಈಗ ಕೂಸು ಕಕ್ಕಿದ ಕಲೆಯನ್ನು ಅದರ ಪಕ್ಕದಲ್ಲಿಡು. ಹೊರಗೆ ಬಂದದ್ದೆಷ್ಟು, ಒಳಗೆ ಉಳಿದದ್ದೆಷ್ಟು ಎಂದು ಅಂದಾಜಾಗುತ್ತದೆ. ವಾರ್ಡಿನಲ್ಲಿ ನಾನು ಇದನ್ನು ಎಷ್ಟೋ ಅಜ್ಜಿಯರಿಗೆ ತೋರಿಸಿದ್ದೇನೆ, ಬಾಯಿಮಾತಿಗೆ ಜಗ್ಗದವರು ಕಲೆ ನೋಡಿ ಸುಮ್ಮನಾಗಿದ್ದಾರೆ.

ಕಲೆಯನ್ನು ಅಷ್ಟಕ್ಕೇ ಬಿಟ್ಟು ಕೂಸನ್ನು ನೋಡು. ಕಕ್ಕಿದ ಮೇಲೆ ನಗುತ್ತದೋ? ಮತ್ತೆ ಮೊಲೆ ಹಿಡಿಯುತ್ತದೋ? ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದು ಬಟ್ಟೆ ತೋಯಿಸುತ್ತದೋ? ಎಲ್ಲಕ್ಕಿಂತ ದೊಡ್ಡ ಸಾಕ್ಷಿ ತಕ್ಕಡಿ. ಮೊದಲ ಮೂರು ತಿಂಗಳು ಕೂಸು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು, ಐದನೇ ತಿಂಗಳ ಸುಮಾರಿಗೆ ಹುಟ್ಟಿದಾಗಿನ ತೂಕದ ಎರಡರಷ್ಟಾಗಬೇಕು. ಅಂಗನವಾಡಿಯಲ್ಲಿ ತೂಗಿಸಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸು. ಆ ಚುಕ್ಕೆಗಳು ಹಸಿರು ಪಟ್ಟೆಯೊಳಗೆ ಮೇಲಕ್ಕೇರುತ್ತಿದ್ದರೆ ದಿನಕ್ಕೆ ಹತ್ತು ಸಲ ಕಕ್ಕಿದರೂ ಅದು ರೋಗವಲ್ಲ, ಒಗೆಯುವ ಬಟ್ಟೆ ಹೆಚ್ಚು ಅಷ್ಟೇ.

ಇನ್ನು ಹಾಲು ಕುಡಿಸುವ ರೀತಿ. ಅತ್ತ ಕೂಡಲೇ ಮೊಲೆ ಕೊಡುತ್ತೀಯಂತೆ. ಅಳುವಾಗ ಕೂಸು ಗಾಳಿ ನುಂಗುತ್ತದೆ, ಅದರ ಮೇಲೆ ಹಾಲು ಹೋದರೆ ಗಾಳಿಯೊಂದಿಗೆ ಹಾಲೂ ಮೇಲೆ ಬರುತ್ತದೆ. ಕೈ ಬಾಯಿಗೆ ಇಟ್ಟುಕೊಳ್ಳುವುದು, ತುಟಿ ಚಪ್ಪರಿಸುವುದು, ತಲೆ ಅತ್ತಿತ್ತ ಹೊರಳಿಸುವುದು, ಇವೇ ಹಸಿವಿನ ಕುರುಹುಗಳು. ಅವು ಕಂಡಾಗಲೇ ಎತ್ತಿಕೋ. ನೀನು ಬೆನ್ನಿಗೆ ಗೋಡೆ ಕೊಟ್ಟು ಒರಗಿ ಕೂತು, ಕೂಸಿನ ತಲೆ ಹೊಟ್ಟೆಗಿಂತ ಮೇಲಿರುವಂತೆ ಹಿಡಿ. ಬರೀ ತೊಟ್ಟು ಸಾಲದು, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಚಪ್ ಚಪ್ ಸದ್ದು ಬಂದರೆ ಗಾಳಿ ಹೋಗುತ್ತಿದೆ ಎಂದರ್ಥ. ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ ಮತ್ತೆ ಹಿಡಿಸು. ಹಾಲು ತುಂಬಿ ಚಿಮ್ಮುತ್ತಿದ್ದರೆ ಮೊದಲ ಧಾರೆಯನ್ನು ಬಟ್ಟೆಗೆ ಬಿಟ್ಟು ಆಮೇಲೆ ಕೊಡು.

ಒಂದು ಮೊಲೆ ಮುಗಿದಾಗ ಎತ್ತಿ ತೇಗು ಬರಿಸು. ಗದ್ದ ನಿನ್ನ ಹೆಗಲ ಮೇಲೆ ಬರಲಿ, ಒಂದು ಕೈ ಕುಂಡೆಯ ಕೆಳಗಿರಲಿ, ಇನ್ನೊಂದು ಕೈಯಿಂದ ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಸವರು. ಗುದ್ದುವುದು ಬೇಡ. ನಾಲ್ಕೈದು ನಿಮಿಷದಲ್ಲಿ ತೇಗು ಬಾರದಿದ್ದರೆ ಬಾರದು, ಅದಕ್ಕೂ ಚಿಂತೆ ಬೇಡ. ಕುಡಿಸಿ ಮುಗಿದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಎತ್ತಿಕೊಂಡೇ ಇರು. ಕೂಡಲೇ ಜೋಳಿಗೆಗೆ ಹಾಕಬೇಡ, ಜೋಳಿಗೆಯಲ್ಲಿ ಕೂಸು ಮಡಚಿಕೊಂಡು ಹೊಟ್ಟೆ ಒತ್ತುತ್ತದೆ. ಉಡದಾರ ಬಿಗಿಯಾಗಿದ್ದರೆ ಸಡಿಲಿಸು. ಬಟ್ಟೆ ಬದಲಿಸುವುದು, ಎಣ್ಣೆ ತಿಕ್ಕುವುದು, ಎರೆಯುವುದು ಎಲ್ಲ ಕುಡಿಸುವುದಕ್ಕೆ ಮೊದಲು ಆಗಲಿ. ತುಂಬಿದ ಹೊಟ್ಟೆಯಲ್ಲಿ ಎರಡೂ ಕಾಲು ಮೇಲೆತ್ತಿದರೆ ಯಾವ ಕೂಸಾದರೂ ಕಕ್ಕುತ್ತದೆ. ಎರೆಯುವವರು ಮೂಗಿಗೆ ಬಾಯಿಗೆ ಎಣ್ಣೆ ಬಿಡುವುದನ್ನಂತೂ ಬೇಡವೆಂದು ಹೇಳು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ಕೂಸುಗಳಿವೆ.

ಮಲಗಿಸುವುದು ಅಂಗಾತವಾಗಿ, ಸಮತಟ್ಟಾದ ಹಾಸಿಗೆಯ ಮೇಲೆ. ಕಕ್ಕಿದ್ದು ಗಂಟಲಿಗೆ ಸಿಕ್ಕೀತೆಂದು ಬೋರಲು ಹಾಕುತ್ತೀ ಎಂದು ಅವ್ವ ಹೇಳಿದಾಗ ನನಗೆ ನಿದ್ದೆ ಬರಲಿಲ್ಲ. ಅಂಗಾತ ಮಲಗಿದಾಗ ಉಸಿರುನಾಳ ಮೇಲೆ, ಅನ್ನನಾಳ ಕೆಳಗೆ. ಬಂದ ಹಾಲು ಕೆಳಗೇ ಉಳಿಯುತ್ತದೆ, ಕೂಸು ನುಂಗಿಕೊಳ್ಳುತ್ತದೆ. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿರೆಂದು ಊರೂರಿಗೆ ಸಾರಿದರು. ನಿದ್ದೆಯಲ್ಲೇ ಕೂಸುಗಳು ಹಠಾತ್ತಾಗಿ ಸಾಯುವುದು ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕಡಿಮೆಯಾಯಿತು, ಗಂಟಲು ಕಟ್ಟಿ ಸಾಯುವುದು ಹೆಚ್ಚಲಿಲ್ಲ. ಎಚ್ಚರವಿದ್ದು ನೀನು ಎದುರಿಗೇ ಕೂತಿರುವಾಗ ಬೋರಲು ಆಡಿಸು, ಒಳ್ಳೆಯದು. ನಿದ್ದೆಯಲ್ಲಿ ಬೇಡ.

ಗ್ರೈಪ್ ವಾಟರ್ ತಂದಿಟ್ಟಿದ್ದಾರಂತೆ. ಅದನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಎಂಬಾತ ಮಾಡಿದ. ಹಿಂದೆ ಅದರಲ್ಲಿ ಮದ್ಯಸಾರವೂ ಇರುತ್ತಿತ್ತು. ಈಗ ಅದಿಲ್ಲದಿದ್ದರೂ ಕಕ್ಕುವುದನ್ನು ಅದು ನಿಲ್ಲಿಸುವುದಿಲ್ಲ. ಬಜೆ ತೇದು ನೆಕ್ಕಿಸುವುದೂ ಬೇಡ, ವರ್ಷದೊಳಗಿನ ಕೂಸಿಗೆ ಜೇನು ಸುತರಾಂ ಬೇಡ, ಅದರಿಂದ ಬಾಟುಲಿಸಂ ಎಂಬ ನರ ಸೋಲುವ ರೋಗ ಬರಬಹುದು. ಒಳಲೆಯಲ್ಲಿ ಉಗ್ಗು ಹಾಕುವಾಗ ಮಲಗಿಸಿ ಬಾಯಿಗೆ ಸುರಿಯುತ್ತಾರೆ, ಕಕ್ಕುವ ಕೂಸಿಗೆ ಅದು ಅಪಾಯ. "ಹಾಲು ತೆಳುವಾಗ್ಯಾದ, ಗಂಜಿ ಹಾಕು" ಅಂದರೂ ಆರು ತಿಂಗಳು ತುಂಬುವವರೆಗೆ ನಿನ್ನ ಹಾಲು ಬಿಟ್ಟು ಏನೂ ಬೇಡ. ನಮ್ಮ ರಾಯಚೂರು ಸೀಮೆಯ ಬಿಸಿಲಿಗೂ ನೀರು ಬೇಡ, ಎದೆಹಾಲಿನಲ್ಲಿ ಬಹುಪಾಲು ನೀರೇ ಇದೆ, ಸೆಕೆಯಾದರೆ ಇನ್ನೊಂದು ಸಲ ಕುಡಿಸು.

ಔಷಧಿ ಅಂಗಡಿಯಲ್ಲಿ ಕೇಳಿ ವಾಂತಿ ನಿಲ್ಲಿಸುವ ಹನಿ ತರಬೇಡ. ಡೊಂಪೆರಿಡೋನ್ ಎಂಬ ಹನಿ ನಮ್ಮಲ್ಲಿ ಕೇಳಿದವರಿಗೆಲ್ಲ ಸಿಗುತ್ತದೆ. ಅದು ಹೃದಯದ ಬಡಿತ ತಪ್ಪಿಸಬಹುದೆಂದು 2014ರಲ್ಲೇ ಯುರೋಪಿನಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದ್ದಾರೆ. ಆಮ್ಲ ಇಳಿಸುವ ಔಷಧಿ ಕೂಡ ನಗುನಗುತ್ತಾ ಕಕ್ಕುವ ಕೂಸಿಗೆ ಬೇಡವೆಂದೇ ಮಕ್ಕಳ ಹೊಟ್ಟೆಯ ತಜ್ಞರ 2018ರ ಮಾರ್ಗಸೂಚಿ ಹೇಳುತ್ತದೆ. ತೂಕ ಏರದೆ, ಕುಡಿಯುವಾಗಲೆಲ್ಲ ಬೆನ್ನು ಬಿಲ್ಲಾಗಿಸಿ ಚೀರಿ ಮೊಲೆ ಬಿಡುವ ಕೂಸಿನ ಮಾತು ಬೇರೆ. ಅಂಥದ್ದನ್ನು ವೈದ್ಯರು ನೋಡಿ ತೀರ್ಮಾನಿಸಬೇಕು. ಮತ್ತೆ ಯಾರಾದರೂ ಹೊಟ್ಟೆಗೆ ಬರೆ ಹಾಕಿಸೋಣ ಎಂದರೆ ಕೂಸನ್ನು ಅವರ ಕೈಗೇ ಕೊಡಬೇಡ. ನಮ್ಮ ಭಾಗದಲ್ಲಿ ಈ ಪದ್ಧತಿ ಇನ್ನೂ ಸತ್ತಿಲ್ಲ. ಸುಟ್ಟ ಹೊಟ್ಟೆಯ ಕೂಸನ್ನು ಡ್ರೆಸ್ಸಿಂಗ್ ಮಾಡುವಾಗ ಅದು ಅಳುವುದನ್ನು ನಾನು ಕೇಳಿದ್ದೇನೆ.

ಈಗ ಹೆದರಬೇಕಾದ್ದು. ಕಕ್ಕಿದ್ದು ಹಸಿರಾಗಿದ್ದರೆ ಕರುಳು ತಿರುಚಿಕೊಂಡಿರಬಹುದು. ಆಗ ತಾಸುಗಳ ಲೆಕ್ಕ, ಬೆಳಗಾಗಲಿ ಎಂದು ಕಾಯುವಂತಿಲ್ಲ. ರಕ್ತ ಅಥವಾ ಕಾಫಿ ಪುಡಿಯಂಥದ್ದು ಬಂದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರವಿದ್ದರೆ, ನೆತ್ತಿಯ ಮೆತ್ತನೆಯ ಭಾಗ ಉಬ್ಬಿದರೆ ಅಥವಾ ಕುಳಿಬಿದ್ದರೆ, ಕೂಸು ಮಂಕಾಗಿ ಮೊಲೆ ಹಿಡಿಯದಿದ್ದರೆ, ಎಂಟು ತಾಸು ಉಚ್ಚೆ ಹೊಯ್ಯದಿದ್ದರೆ, ಅಂದೇ ಹೊರಡು. ನಿಮ್ಮ ಸಿಂಧನೂರಿನಲ್ಲೇ ತಾಲ್ಲೂಕು ಆಸ್ಪತ್ರೆ ಇದೆ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ರಾಯಚೂರಿನ ರಿಮ್ಸ್ ಆಗಲಿ ಬಳ್ಳಾರಿಯಾಗಲಿ ತಡಮಾಡದೆ ಹೋಗು. 108ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ. ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ, ಔಷಧಿ, ಗಾಡಿ ಎಲ್ಲ ಉಚಿತ, ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಅದು ನಿನ್ನ ಹಕ್ಕು. ನಾಟಿಯ ಖರ್ಚಿನ ಕಾಲದಲ್ಲಿ ಹಣವಿಲ್ಲ ಎಂದು ಯಾರೂ ಹಿಂದೆಮುಂದೆ ನೋಡದಿರಲಿ.

ಇನ್ನೊಂದನ್ನು ನಿನ್ನ ನೆಗೆಣ್ಣಿಗಾಗಿ ಬರೆಯುತ್ತೇನೆ, ಅವಳಿಗೆ ದಿನ ತುಂಬುತ್ತಿದೆಯಂತಲ್ಲ. ಎರಡು ವಾರದಿಂದ ಎರಡು ತಿಂಗಳೊಳಗಿನ ಕೂಸು, ಅದರಲ್ಲೂ ಚೊಚ್ಚಲ ಗಂಡು, ಕುಡಿದ ಸ್ವಲ್ಪ ಹೊತ್ತಿಗೆ ಹಾಲನ್ನು ದೂರಕ್ಕೆ ಚಿಮ್ಮಿಸಿ ವಾಂತಿ ಮಾಡಿ, ಕೂಡಲೇ ಹಸಿದು ಅಳುತ್ತಾ, ದಿನೇ ದಿನೇ ತೂಕ ಇಳಿಯುತ್ತಿದ್ದರೆ ಜಠರದ ಕೆಳಬಾಯಿಯ ಸ್ನಾಯು ದಪ್ಪಗಾಗಿ ದಾರಿ ಕಟ್ಟಿರಬಹುದು. ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ರಾಮ್‌ಸ್ಟೆಡ್ ಎಂಬ ಜರ್ಮನ್ ಶಸ್ತ್ರವೈದ್ಯ ತೋರಿಸಿದ ಸಣ್ಣ ಆಪರೇಷನ್ ಇದಕ್ಕಿದೆ, ಅದಾದ ಕೆಲವೇ ದಿನಗಳಲ್ಲಿ ಕೂಸು ಚೆನ್ನಾಗಿ ಕುಡಿದು ಮನೆಗೆ ಬರುತ್ತದೆ. ದೃಷ್ಟಿ ತೆಗೆಯುತ್ತಾ ಕೂತರೆ ನೀರಿನಂಶ ಹೋಗಿ ಕೂಸು ಕೈಬಿಟ್ಟುಹೋಗುತ್ತದೆ.

ನಿಮ್ಮ ಅತ್ತೆಯವರ ಮೇಲೆ ಸಿಟ್ಟಾಗಬೇಡ. ಅವರು ಹೆರುತ್ತಿದ್ದ ಕಾಲದಲ್ಲಿ ವಾಂತಿಭೇದಿ ಎಂದರೆ ಕೂಸು ಹೋದಂತೆಯೇ. ವಾಂತಿ ಕಂಡರೆ ಅವರಿಗೆ ನೆನಪಾಗುವುದು ಅದೇ. ಅವರನ್ನೂ ಕರೆದುಕೊಂಡೇ ತೂಕ ಹಾಕಿಸಲು ಹೋಗು, ಕಾರ್ಡು ಅವರ ಕೈಯಲ್ಲೇ ಇರಲಿ. ಹೆಗಲ ಮೇಲೆ ಅರ್ಧ ತಾಸು ಕೂಸನ್ನು ಎತ್ತಿಕೊಳ್ಳುವ ಕೆಲಸವನ್ನೂ ಅವರಿಗೆ ವಹಿಸು, ಆ ಹೊತ್ತು ನೀನು ಮಲಗು. ನೀನು ಖಾರ ತಿಂದದ್ದಕ್ಕೇ ಕೂಸು ಕಕ್ಕಿತು ಎಂದು ಬರೀ ಅನ್ನ ಬೆಳ್ಳುಳ್ಳಿ ಉಣ್ಣುತ್ತಿದ್ದೀಯಂತೆ. ಬೇಡ. ರೊಟ್ಟಿ ಉಣ್ಣು, ಪುಂಡಿಪಲ್ಯ ಉಣ್ಣು, ಬೇಳೆ, ಮೊಸರು, ಮೊಟ್ಟೆ ಎಲ್ಲ ಉಣ್ಣು. ಹಾಲು ಮೊಸರು ಬಿಟ್ಟು ನೋಡು ಎಂದು ವೈದ್ಯರು ಹೇಳುವುದು ಎಲ್ಲೋ ಕೆಲವರಿಗೆ, ಕೂಸಿನ ಮಲದಲ್ಲಿ ರಕ್ತವೋ ಮೈಮೇಲೆ ಗಜ್ಜಿಯಂಥ ಗಂದೆಯೋ ಇದ್ದಾಗ. ದಿನವಿಡೀ ಅಳು ಬರುತ್ತಿದ್ದರೆ, ಕೂಸನ್ನು ಮುಟ್ಟಲೂ ಮನಸ್ಸಿಲ್ಲ ಎನಿಸಿದರೆ ಮುಚ್ಚಿಡದೆ ನನಗೆ ಹೇಳು. ಅದು ಬಾಣಂತಿಯರಿಗೆ ಬರುವ ಕಾಯಿಲೆ, ಅದಕ್ಕೂ ಔಷಧಿ ಇದೆ.

ಪಂಚಮಿಗೆ ಮಸ್ಕಿಗೆ ಬರುತ್ತೀಯಲ್ಲ. ಬಸ್ಸು ಹತ್ತುವ ಅರ್ಧ ತಾಸು ಮೊದಲೇ ಕುಡಿಸಿ ತೇಗು ಬರಿಸಿಕೊಂಡು ಹೊರಡು, ಎರಡು ಒಣ ದುಪಟಿ ಮೇಲೆಯೇ ಇಟ್ಟುಕೋ. ನಾನೂ ಇಲ್ಲಿಂದ ಬರುತ್ತೇನೆ. ಅಷ್ಟರೊಳಗೆ, ಈ ಸೋಮವಾರವೇ, ಅಂಗನವಾಡಿಗೆ ಹೋಗಿ ಕೂಸನ್ನು ತೂಗಿಸಿ ಕಾರ್ಡಿನ ಫೋಟೊ ನನ್ನ ಫೋನಿಗೆ ಕಳಿಸು. ತಪ್ಪಿಸಬೇಡ.

ನಿನ್ನ
ಅಕ್ಕ