ನಗರದ ಪಾಠ

ನಿವೃತ್ತನಾದ ಮೇಷ್ಟರನ್ನು ಜನ ಬೇಗ ಮರೆಯುವರೆಂದು ನಾವು ನೆಮ್ಮದಿಯಿಂದಿದ್ದೆವು. ಹಾಗಾಗಲಿಲ್ಲ. ತುಮಕೂರಿನ ಒಂದು ಸಣ್ಣ ಕಾಲೇಜಿನವರು, ನಗರಾಧ್ಯಯನವೆಂಬ ಹೊಸ ವಿಷಯಕ್ಕೆ ಕಿರಿಯ ಅಧ್ಯಾಪಕರೊಬ್ಬರನ್ನು ಆರಿಸಬೇಕಾಗಿದೆ, ತಾವೂ ಸಮಿತಿಯಲ್ಲಿ ಕುಳಿತುಕೊಳ್ಳಬೇಕು ಎಂದು ಹೇಳಿಕಳುಹಿಸಿದರು. 2016ರಲ್ಲಿ ನಮ್ಮ ಊರು ಸ್ಮಾರ್ಟ್ ಸಿಟಿ ಯೋಜನೆಗೆ ಸೇರಿತಲ್ಲವೇ, ಇನ್ನು ಇಂಥ ವಿಷಯಕ್ಕೆ ಹುಡುಗರು ಬರುವರೆಂಬುದು ಅವರ ಎಣಿಕೆ. ಸಂಸ್ಕೃತ ಓದಿದವರಿಗೆ ಅಲ್ಲೇನು ಕೆಲಸವೆಂದು ವಾಚಕರು ನಗಬಹುದು. ‘ನಗರ’ ಶಬ್ದದಿಂದ ‘ನಾಗರಕ’ವನ್ನು ಸಾಧಿಸುವಾಗ ಪಾಣಿನಿಯು ನಿಂದೆ, ಪ್ರಾವೀಣ್ಯ ಎಂಬ ಎರಡು ಅರ್ಥಗಳನ್ನು ಹೇಳಿದ್ದಾನೆ. ಅಷ್ಟು ಬಂಡವಾಳವನ್ನೇ ನೆಚ್ಚಿಕೊಂಡು ಹೊರಟೆವು.

ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಇಬ್ಬರು ಬಂದಿದ್ದರು. ಇಬ್ಬರಿಂದಲೂ ಒಂದೊಂದು ಪಾಠ ಮಾಡಿಸಿದ್ದಾಯಿತು. ಮೊದಲನೆಯವರು 1925ರಲ್ಲಿ ಬರ್ಜೆಸ್ ಎಂಬ ವಿದ್ವಾಂಸರು ಷಿಕಾಗೋ ನಗರವನ್ನು ನೋಡಿ ಬರೆದ ವಲಯಗಳ ಚಿತ್ರವನ್ನು ಸೊಗಸಾಗಿ ವಿವರಿಸಿದರು. ತಪ್ಪೇನೂ ಇರಲಿಲ್ಲ. ಹುಡುಗರು ಆಕಳಿಸಿದರು.

ಎರಡನೆಯವರು ಕುಣಿಗಲಿನ ಹೆಣ್ಣುಮಗಳು. “ಈ ಹೊತ್ತು ಬೆಳಿಗ್ಗೆ ನೀವು ಕುಡಿದ ನೀರು ಎಲ್ಲಿಂದ ಬಂದಿತು?” ಎಂದು ಆರಂಭಿಸಿದರು. ನಲ್ಲಿಯಿಂದ ಎಂದನೊಬ್ಬ. ಬುಗುಡನಹಳ್ಳಿ ಕೆರೆಯಿಂದ ಎಂದಳು ಒಬ್ಬ ಹುಡುಗಿ. ಆಗ ಗುಬ್ಬಿ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಹೇಮಾವತಿಯಿಂದ ಮೇಡಂ, ಅದನ್ನೇ ನಿಮ್ಮೂರಿನವರು ಒಯ್ಯಬೇಕೆಂದಿರುವುದು” ಎಂದುಬಿಟ್ಟನು.

ತರಗತಿ ಸ್ತಬ್ಧವಾಯಿತು. ಗುಬ್ಬಿ ತಾಲ್ಲೂಕಿನಲ್ಲಿ ಕವಲೊಡೆದು ಕುಣಿಗಲಿನತ್ತ ಹೋಗಬೇಕಾದ ಲಿಂಕ್ ಕಾಲುವೆಯ ವಿರುದ್ಧ 2024ರಲ್ಲಿಯೂ 2025ರಲ್ಲಿಯೂ ರೈತರು ಬೀದಿಗಿಳಿದುದನ್ನು ಈ ಸೀಮೆಯವರೆಲ್ಲ ಬಲ್ಲರು. ಕಡೆಯ ಭಾಗಕ್ಕೆ ಪಾಲಿನ ನೀರು ಮುಟ್ಟುವುದಿಲ್ಲವೆಂಬುದು ಅವರ ಕೊರಗು. ತಮ್ಮ ಕೆರೆಗಳು ಬರಿದಾಗುವುವೆಂಬುದು ಇವರ ಭಯ.

ಆಕೆ ಸೀಮೆಸುಣ್ಣವನ್ನು ಆ ಹುಡುಗನ ಕೈಗೇ ಕೊಟ್ಟರು. “ಬಾಪ್ಪಾ, ಗೊರೂರಿನಿಂದ ನಿಮ್ಮೂರಿನವರೆಗೆ ನೀನು ಬರೆ, ಅಲ್ಲಿಂದ ನಮ್ಮೂರಿಗೆ ನಾನು ಬರೆಯುತ್ತೇನೆ.” ಇಬ್ಬರೂ ಬರೆದರು. ತುಮಕೂರಿನ ಬಳಿ ಕೈ ನಿಲ್ಲಿಸಿ ಆಕೆ, “ನಾವು ಬಳಸಿ ಚೆಲ್ಲಿದ ನೀರು ಇಲ್ಲಿಂದ ಎತ್ತ ಹೋಗುತ್ತದೆ?” ಎಂದು ಕೇಳಿದರು. ಯಾರಿಗೂ ತಿಳಿಯದು. ಮೂವತ್ತೈದು ವರ್ಷ ಇದೇ ಊರಿನಲ್ಲಿ ಪಾಠ ಹೇಳಿದ ನಮಗೂ ತಿಳಿಯದು. ಗಂಟೆ ಹೊಡೆದರೂ ಹುಡುಗರು ಏಳಲಿಲ್ಲ.

ಸಮಿತಿಯಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಪಾಠ ಚೆನ್ನಾಗಿತ್ತು, ಆದರೆ ಕುಣಿಗಲಿನವರನ್ನು ತಂದು ನೀರಿನ ಮಾತೆತ್ತಿಸಿದರೆ ನಾಳೆ ಗಲಾಟೆಯಾದೀತು ಎಂದರು ಒಬ್ಬರು. ನಾವು ವಾದಿಸಿದೆವು. ಕೊನೆಗೆ ಷಿಕಾಗೋದವರಿಗೆ ಕಾಯಂ ಹುದ್ದೆಯೆಂದೂ ಈಕೆಗೆ ಹತ್ತು ತಿಂಗಳ ಅತಿಥಿ ಉಪನ್ಯಾಸವೆಂದೂ ತೀರ್ಮಾನವಾಯಿತು. ಏನೂ ಇಲ್ಲದುದಕ್ಕಿಂತ ಇಷ್ಟಾದರೂ ಆಯಿತಲ್ಲ ಎಂದುಕೊಂಡು ನಾವೂ ರುಜು ಹಾಕಿದೆವು. ಆ ರುಜುವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹಿರಿಯರು ನೀವೇ ತಿಳಿಸಿಬಿಡಿ ಎಂದರು. ತಿಳಿಸಿದೆವು. ಆಕೆ ಕೊಂಚ ಹೊತ್ತು ಸುಮ್ಮನಿದ್ದು, “ಹತ್ತು ತಿಂಗಳಾದ ಮೇಲೆ ಮತ್ತೆ ಇದೇ ಪಾಠ ಮಾಡಿ ತೋರಿಸಬೇಕೇ, ಮೇಷ್ಟ್ರೇ?” ಎಂದು ಕೇಳಿದರು.

“ಗೊತ್ತಿಲ್ಲಮ್ಮಾ” ಎಂದೆವು. ಕುಣಿಗಲಿನ ಬಸ್ಸಿಗೆ ಹೊತ್ತಾಯಿತೆಂದು ಆಕೆ ಎದ್ದರು.